ಮೂಡಬಿದಿರೆಯ ಓಲೆಗಳು ಮತ್ತು ಕಳೆದುಹೋದ ಒಂದು ಪದ

ಮೂಡಬಿದಿರೆಗೆ ಯಾತ್ರೆ ಹೋಗಿಬಂದ ಹಿರಿಯರು ಸಾವಿರ ಕಂಬದ ಬಸದಿಯ ವರ್ಣನೆ ಮುಗಿದ ಕೂಡಲೆ ‘ಸಿದ್ಧಾಂತ ದರ್ಶನ’ದ ಮಾತನ್ನೆತ್ತುವುದು ವಾಡಿಕೆ. ಗುರುಬಸದಿಯಲ್ಲಿ ರತ್ನಬಿಂಬಗಳ ಜೊತೆಗೆ ಧವಲ, ಜಯಧವಲ, ಮಹಾಧವಲಗಳೆಂಬ ಓಲೆಗರಿಯ ಗ್ರಂಥಗಳ ದರ್ಶನವನ್ನೂ ಮಾಡಿಸುವ ಪರಿಪಾಠ ಬಹುಕಾಲದಿಂದ ನಡೆದುಬಂದದ್ದು. ಯಾತ್ರಿಕರು ದೂರದಿಂದ ನೋಡಿ, ಕೈಮುಗಿದು, ಕಾಣಿಕೆಯಿಟ್ಟು ಹೊರಬರುತ್ತಿದ್ದರು. ದೇವ, ಗುರುಗಳ ಸಾಲಿನಲ್ಲಿಯೇ ಶಾಸ್ತ್ರವನ್ನೂ ಇರಿಸಿ ಪೂಜಿಸುವ ಧರ್ಮದಲ್ಲಿ ಇದು ಅಸಹಜವೇನೂ ಅಲ್ಲ. ಆ ಪೂಜ್ಯಭಾವವಿಲ್ಲದಿದ್ದರೆ ಕರಾವಳಿಯ ಮಳೆ, ಹುಳು, ಗೆದ್ದಲುಗಳ ನಡುವೆ ಶತಮಾನಗಳ ಕಾಲ ಆ ಓಲೆಗಳು ಉಳಿಯುತ್ತಲೂ ಇರಲಿಲ್ಲ. ಆದರೂ ಹೀಗೆ ದರ್ಶನ ಪಡೆದ ಸಾವಿರಾರು ಜನರಲ್ಲಿ ಒಬ್ಬರಾದರೂ ಆ ಓಲೆಯ ಒಂದು ಸಾಲನ್ನು ಓದಿದರೇ ಎಂಬ ಪ್ರಶ್ನೆ ವಿದ್ಯಾರ್ಥಿದೆಸೆಯಿಂದಲೂ ನನ್ನನ್ನು ಕಾಡಿದೆ.

ಈ ಪ್ರಶ್ನೆ ಈಚೆಗೆ ಬೇರೊಂದು ರೂಪದಲ್ಲಿ ನನ್ನೆದುರಿಗೆ ಬಂದಿತು. ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿನಿಯೊಬ್ಬಳು ತನ್ನ ಮೊಬೈಲಿನಲ್ಲಿ ಒಂದು ಓಲೆಗರಿಯ ಛಾಯಾಚಿತ್ರವನ್ನು ತೋರಿಸಿ, “ಸರ್, ಎಲ್ಲವೂ ಸ್ಕ್ಯಾನ್ ಆಗುತ್ತಿರುವಾಗ ಇನ್ನು ಈ ಭಂಡಾರಗಳಿಗೆ ಹೋಗುವ ಅಗತ್ಯವೇನು?” ಎಂದು ಕೇಳಿದಳು. “ಇದರಲ್ಲಿ ಏನು ಬರೆದಿದೆ?” ಎಂದೆ. ಅವಳಿಗೆ ತಿಳಿದಿರಲಿಲ್ಲ. ಪ್ರಾಮಾಣಿಕವಾಗಿ ಹೇಳುವುದಾದರೆ ಆ ಮಸುಕಾದ ಚಿತ್ರದಲ್ಲಿ ಮೊದಲ ಎರಡು ಸಾಲುಗಳ ಹೊರತು ನನಗೂ ಹೆಚ್ಚೇನೂ ದಕ್ಕಲಿಲ್ಲ. ಅವಳ ಪ್ರಶ್ನೆ ಮಾತ್ರ ಹಗುರವಾದದ್ದಲ್ಲ. ಅದಕ್ಕೆ ಉತ್ತರವಾಗಿ ನಾನು ತರಗತಿಯಲ್ಲಿ ಹೇಳಿದ ಒಂದು ಪದದ ಕಥೆಯನ್ನು ಇಲ್ಲಿ ಇನ್ನಷ್ಟು ವಿಸ್ತರಿಸಿ ಬರೆಯುತ್ತಿದ್ದೇನೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. ಗಿರಿನಾರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರಿಂದ ಶ್ರುತವನ್ನು ಪಡೆದ ಪುಷ್ಪದಂತ, ಭೂತಬಲಿಗಳು ಪ್ರಾಕೃತ ಸೂತ್ರಗಳಲ್ಲಿ ರಚಿಸಿದ್ದು ಷಟ್ಖಂಡಾಗಮ. ಅದರ ಮೊದಲ ಐದು ಖಂಡಗಳಿಗೆ ವೀರಸೇನಾಚಾರ್ಯರು ಬರೆದ ಟೀಕೆಯೇ ಧವಲ. ಎಪ್ಪತ್ತೆರಡು ಸಾವಿರ ಶ್ಲೋಕಪ್ರಮಾಣದ ಈ ಟೀಕೆ ಕ್ರಿ.ಶ. 816ರಲ್ಲಿ ಮುಗಿಯಿತೆಂಬುದು ಹೀರಾಲಾಲ ಜೈನರ ಗಣನೆ. ಆರನೆಯ ಖಂಡವಾದ ಮಹಾಬಂಧವೇ ಜನರ ಬಾಯಲ್ಲಿ ಮಹಾಧವಲವಾಯಿತು. ಗುಣಧರಾಚಾರ್ಯರ ಕಷಾಯಪಾಹುಡಕ್ಕೆ ಬರೆದ ಜಯಧವಲವನ್ನು ವೀರಸೇನರು ಆರಂಭಿಸಿದರು. ಅವರ ಶಿಷ್ಯ ಜಿನಸೇನರು ಶಕ 759ರಲ್ಲಿ, ಎಂದರೆ ಕ್ರಿ.ಶ. 837ರಲ್ಲಿ, ಪೂರ್ಣಗೊಳಿಸಿದರು. ಪಂಪನ ‘ಆದಿಪುರಾಣ’ಕ್ಕೆ ಆಕರವಾದ ಪೂರ್ವಪುರಾಣದ ಕರ್ತೃ ಇದೇ ಜಿನಸೇನರು ಎಂಬುದನ್ನು ಕನ್ನಡದ ವಿದ್ಯಾರ್ಥಿಗಳಿಗೆ ನೆನಪಿಸಬೇಕಾಗಿಲ್ಲ. ಈ ಮೂರು ಮಹಾಗ್ರಂಥಗಳ ಪ್ರಾಚೀನ ಪ್ರತಿಗಳು ಇಡೀ ದೇಶದಲ್ಲಿ ಉಳಿದದ್ದು ಮೂಡಬಿದಿರೆಯಲ್ಲಿ ಮಾತ್ರ, ಅದೂ ಹಳಗನ್ನಡ ಲಿಪಿಯಲ್ಲಿ. ಹನ್ನೆರಡನೆಯ ಶತಮಾನದ ಆದಿಭಾಗಕ್ಕೆ ಸೇರಿದ ಈ ಓಲೆಗಳಲ್ಲಿ ಕೆಲವು ಚಿತ್ರಸಹಿತವಾದವು. ದಕ್ಷಿಣ ಭಾರತದ ಓಲೆಚಿತ್ರಗಳಲ್ಲಿ ನಮಗೆ ದೊರೆತಿರುವ ಅತ್ಯಂತ ಹಳೆಯವು ಇವೇ ಎಂದು ಕಲಾ ಇತಿಹಾಸಕಾರರು ಪರಿಗಣಿಸುತ್ತಾರೆ.

ಉತ್ತರದ ದಿಗಂಬರ ಪಂಡಿತರಿಗೆ ಇವು ದಕ್ಷಿಣದ ಯಾವುದೋ ಭಂಡಾರದಲ್ಲಿವೆಯೆಂಬ ವಿಷಯ ಹದಿನೆಂಟನೆಯ ಶತಮಾನದಲ್ಲಿಯೇ ತಿಳಿದಿತ್ತು. ತಿಳಿದೂ ಕೈಗೆ ಸಿಕ್ಕಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮುಂಬಯಿಯ ಮಾಣಿಕಚಂದ್ರ, ಸೊಲ್ಲಾಪುರದ ಹೀರಾಚಂದ ನೇಮಚಂದ ಎಂಬ ಶ್ರೇಷ್ಠಿಗಳು ಯಾತ್ರೆಗೆ ಬಂದು ಓಲೆಗಳನ್ನು ಕಂಡು, ಅವುಗಳ ಪ್ರತಿ ಮಾಡಿಸಲು ಮುಂದಾದರು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿ, ಗಜಪತಿ ಉಪಾಧ್ಯಾಯ ಮೊದಲಾದವರು ಲಿಪಿಕಾರ್ಯಕ್ಕೆ ತೊಡಗಿದರು. 1896ರಲ್ಲಿ ಆರಂಭವಾದ ಆ ಕೆಲಸ ಮುಗಿದದ್ದು 1922ರಲ್ಲಿ. ಇಪ್ಪತ್ತಾರು ವರ್ಷ! ಒಬ್ಬ ಲಿಪಿಕಾರ ಕಾಲವಾದರೆ ಇನ್ನೊಬ್ಬ ಬರಬೇಕು. ಓಲೆ ತೆರೆಯಲು ಒಪ್ಪಿಗೆ ಬೇಕು. ಬರೆದದ್ದು ಮಠದ ಹೊರಗೆ ಹೋಗುವಂತಿಲ್ಲ. ಪ್ರತಿ ಮಾಡಿಸಲು ಸಮ್ಮತಿಸಿದವರು ಪ್ರಚಾರಕ್ಕೆ ಸಮ್ಮತಿಸಿರಲಿಲ್ಲ. ಓಲೆ ಶಿಥಿಲವಾದರೆ ಬದಲಿಗೆ ಇರಲಿ ಎಂಬಷ್ಟೇ ಅವರ ಉದ್ದೇಶವಾಗಿತ್ತು.

ಇಲ್ಲಿಯೇ ಕಥೆ ತಿರುವು ಪಡೆಯುತ್ತದೆ. ಗಜಪತಿ ಉಪಾಧ್ಯಾಯರು ಹಗಲಿನಲ್ಲಿ ಮಠಕ್ಕಾಗಿ ಬರೆಯುತ್ತಲೇ, ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಪ್ತವಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಸಿದ್ಧಪಡಿಸಿಕೊಂಡರು. ಅದನ್ನು ಹೊತ್ತು ಸೊಲ್ಲಾಪುರಕ್ಕೆ ಹೋದಾಗ ಹೀರಾಚಂದರು, ಕದ್ದು ಮಾಡಿದ ಪ್ರತಿಯನ್ನು ಪಡೆಯುವುದು ನ್ಯಾಯವಲ್ಲವೆಂದು ನಿರಾಕರಿಸಿದರು. ಕೊನೆಗೆ ಅದು ಸಹಾರನಪುರದ ಲಾಲಾ ಜಂಬೂಪ್ರಸಾದರ ಬಸದಿಯನ್ನು ಸೇರಿತು. ಅಲ್ಲಿ ಕನ್ನಡದಿಂದ ನಾಗರಿಗೆ ಲಿಪ್ಯಂತರ ಮಾಡಲು ನೇಮಕಗೊಂಡ ಸೀತಾರಾಮ ಶಾಸ್ತ್ರಿಗಳು ತಮಗಾಗಿ ಮತ್ತೊಂದು ಪ್ರತಿಯನ್ನು ಗುಟ್ಟಾಗಿ ಬರೆದಿಟ್ಟುಕೊಂಡರು. ಆ ಪ್ರತಿಯಿಂದ ಹುಟ್ಟಿದ ಪ್ರತಿಗಳೇ ಆರಾ, ಕಾರಂಜಾ, ಅಮರಾವತಿ ಮೊದಲಾದೆಡೆಗಳ ಭಂಡಾರಗಳಿಗೆ ಹರಡಿದವು. ಕದ್ದ ಪ್ರತಿಯಿಂದ ಕದ್ದ ಪ್ರತಿ! ಒಂದು ಸಮುದಾಯ ತನ್ನ ಪರಮಾಗಮವನ್ನು ತಾನೇ ಓದುವುದಕ್ಕಾಗಿ ಅಚೌರ್ಯವ್ರತದ ಮೇರೆಯನ್ನು ಎರಡು ಬಾರಿ ದಾಟಬೇಕಾಯಿತೆಂಬುದನ್ನು ನೆನೆದಾಗಲೆಲ್ಲ ನನಗೆ ನಗೆಯೂ ವಿಷಾದವೂ ಒಟ್ಟಿಗೆ ಬರುತ್ತವೆ. ಗಜಪತಿ ಉಪಾಧ್ಯಾಯರನ್ನು ದೂಷಿಸುವ ಮನಸ್ಸು ನನಗಿಲ್ಲ. ಹೀರಾಚಂದರ ನಿರಾಕರಣೆಯನ್ನೂ ಗೌರವಿಸುತ್ತೇನೆ. ಲಕ್ಷ್ಮೀಬಾಯಿಯವರ ಹೆಸರನ್ನಂತೂ ನಮ್ಮ ಗ್ರಂಥಸಂಪಾದನೆಯ ಚರಿತ್ರೆಗಳು ಇನ್ನಷ್ಟು ಎತ್ತಿ ಹೇಳಬೇಕಿತ್ತು.

ಅಮರಾವತಿಯ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಹೀರಾಲಾಲ ಜೈನರು ಧವಲದ ಮೊದಲ ಸಂಪುಟವನ್ನು ಪ್ರಕಟಿಸಿದ್ದು 1939ರಲ್ಲಿ. ಆಗ ಅವರ ಕೈಯಲ್ಲಿದ್ದದ್ದು ಅಮರಾವತಿ, ಆರಾ, ಕಾರಂಜಾ ಪ್ರತಿಗಳು. ಮೂರೂ ಒಂದೇ ತಾಯಿಯ ಮಕ್ಕಳು. ತಾಯಿ ತಪ್ಪಿದಲ್ಲಿ ಮೂವರೂ ತಪ್ಪುತ್ತಾರೆ. ಸಂಪಾದನಶಾಸ್ತ್ರ ಓದಿದವರಿಗೆಲ್ಲ ತಿಳಿದಿರುವಂತೆ, ಇಂಥ ಕಡೆ ಪ್ರತಿಗಳ ಸಂಖ್ಯೆಗೆ ಬೆಲೆಯಿಲ್ಲ.

ಆ ಮೊದಲ ಸಂಪುಟದ 93ನೆಯ ಸೂತ್ರ ಮನುಷ್ಯಿಣಿಯರಿಗೆ, ಎಂದರೆ ಮನುಷ್ಯಗತಿಯ ಸ್ತ್ರೀಯರಿಗೆ, ಪರ್ಯಾಪ್ತ ಅವಸ್ಥೆಯಲ್ಲಿ ಯಾವ ಯಾವ ಗುಣಸ್ಥಾನಗಳು ಇರುತ್ತವೆಂಬುದನ್ನು ಹೇಳುತ್ತದೆ. ಪ್ರತಿಗಳಲ್ಲಿ ಆ ಪಟ್ಟಿ ‘ಸಂಜದಾಸಂಜದ’ ಎಂಬಲ್ಲಿಗೆ, ಅಂದರೆ ಐದನೆಯದಾದ ಸಂಯತಾಸಂಯತ ಗುಣಸ್ಥಾನಕ್ಕೆ ನಿಂತುಬಿಟ್ಟಿತ್ತು. ಆದರೆ ಸೂತ್ರದ ಮೇಲಣ ವೀರಸೇನರ ಚರ್ಚೆಯನ್ನೂ ಗ್ರಂಥದ ಮುಂದಿನ ಪ್ರಕರಣಗಳನ್ನೂ ಗಮನಿಸಿದರೆ ಪಟ್ಟಿ ಅಲ್ಲಿ ನಿಲ್ಲುವಂತಿರಲಿಲ್ಲ. ಮನುಷ್ಯಿಣಿಗೆ ಹದಿನಾಲ್ಕು ಗುಣಸ್ಥಾನಗಳನ್ನು ಹೇಳಿಕೊಂಡೇ ಗ್ರಂಥ ಮುಂದುವರಿಯುತ್ತದೆ. ಆದ್ದರಿಂದ ಸಂಪಾದಕರು ಮೂಲವನ್ನು ಹಾಗೆಯೇ ಮುದ್ರಿಸಿ, ಇಲ್ಲಿ ‘ಸಂಜದ’ ಎಂಬ ಪದ ಬಿಟ್ಟುಹೋದಂತೆ ತೋರುತ್ತದೆಂದು ಅಡಿಟಿಪ್ಪಣಿ ಬರೆದರು.

ಮೂರೇ ಅಕ್ಷರದ ಆ ಪದ ಎಬ್ಬಿಸಿದ ಬಿರುಗಾಳಿ ಸಣ್ಣದಲ್ಲ. ‘ಸಂಜದ’ ಎಂದರೆ ಸಂಯತ, ಮಹಾವ್ರತಗಳನ್ನು ತಳೆದ ಅವಸ್ಥೆ. ಅದನ್ನು ಮನುಷ್ಯಿಣಿಗೆ ಒಪ್ಪಿದರೆ ಸ್ತ್ರೀಮುಕ್ತಿಯನ್ನು ಒಪ್ಪಿದಂತಾಗದೇ ಎಂದು ಒಂದು ಪಕ್ಷ ಕಳವಳಗೊಂಡಿತು. ಇಲ್ಲಿ ಹೇಳಿರುವುದು ದ್ರವ್ಯಸ್ತ್ರೀಯನ್ನಲ್ಲ, ಭಾವಸ್ತ್ರೀಯನ್ನು, ಆದ್ದರಿಂದ ಪದವನ್ನು ಸೇರಿಸಿದರೆ ದಿಗಂಬರ ಸಿದ್ಧಾಂತಕ್ಕೆ ಬಾಧೆಯಿಲ್ಲ ಎಂದು ಇನ್ನೊಂದು ಪಕ್ಷ ಸಮರ್ಥಿಸಿತು. ಪಂಡಿತರ ನಡುವೆ ಲೇಖನಗಳು, ಪ್ರತಿಲೇಖನಗಳು, ಸಭೆಗಳು ನಡೆದವು. ಆ ಸೈದ್ಧಾಂತಿಕ ಚರ್ಚೆಯ ಆಳಕ್ಕೆ ನಾನಿಲ್ಲಿ ಇಳಿಯುವುದಿಲ್ಲ. ಅದಕ್ಕೆ ಬೇರೆಯದೇ ಲೇಖನ ಬೇಕು. ನನ್ನ ಆಸಕ್ತಿ ಇರುವುದು ವಿವಾದ ಹೇಗೆ ತೀರ್ಮಾನವಾಗಬೇಕಿತ್ತು ಎಂಬಲ್ಲಿ. ತರ್ಕದಿಂದ ಅದು ತೀರುವಂತಿರಲಿಲ್ಲ, ಇಬ್ಬರಲ್ಲೂ ತರ್ಕವಿತ್ತು. ಸಹಾರನಪುರದ ಪ್ರತಿಯಿಂದಲೂ ತೀರುವಂತಿರಲಿಲ್ಲ. ತೀರ್ಪು ಕೊಡಬಲ್ಲ ಸಾಕ್ಷಿ ಗುರುಬಸದಿಯ ಪೆಟ್ಟಿಗೆಯಲ್ಲಿತ್ತು.

ಪುಣ್ಯವಶಾತ್ ಆ ಹೊತ್ತಿಗೆ ಮೂಡಬಿದಿರೆಯ ಭಟ್ಟಾರಕರೂ ಆಡಳಿತದವರೂ ಮನಸ್ಸು ಬದಲಿಸಿದ್ದರು. ಮೊದಲ ಸಂಪುಟ ಅಚ್ಚಾಗಿ ಬಂದದ್ದನ್ನು ನೋಡಿ ಅವರು ಕೋಪಿಸಿಕೊಂಡಿದ್ದರೆ ಆಶ್ಚರ್ಯವಿರಲಿಲ್ಲ. ಕೋಪಿಸಿಕೊಳ್ಳದೆ ಓಲೆಗಳೊಡನೆ ಪಾಠ ತಾಳೆನೋಡಲು ಅವಕಾಶ ಕೊಟ್ಟರು. ಲೋಕನಾಥ ಶಾಸ್ತ್ರಿಗಳು ಕುಳಿತು ಓಲೆ ಓದಿದರು. ಮೂರನೆಯ ಸಂಪುಟದ ವೇಳೆಗೆ ಮೂಡಬಿದಿರೆಯ ಪಾಠಗಳು ಅಮರಾವತಿಗೆ ಬರತೊಡಗಿದವು. 93ನೆಯ ಸೂತ್ರದ ತಾಡಪತ್ರದ ಪಾಠವನ್ನು ಪರಿಶೀಲಿಸಿದಾಗ ಅಲ್ಲಿ ‘ಸಂಜದ’ ಪದ ಇದ್ದೇ ಇತ್ತು.

ಪದ ಏಕೆ ಬಿದ್ದುಹೋಯಿತೆಂಬುದನ್ನು ಕುರಿತು ಯಾರೋ ದುರುದ್ದೇಶದಿಂದ ತೆಗೆದರೆಂಬ ಗುಸುಗುಸು ಕೇಳಿದ್ದೇನೆ. ನನಗೆ ಹಾಗೆನ್ನಿಸುವುದಿಲ್ಲ. ‘ಸಂಜದಾಸಂಜದ’ ಎಂಬುದರ ಬೆನ್ನಿಗೇ ‘ಸಂಜದ’ ಬಂದಾಗ, ಒಂದೇ ಅಕ್ಷರಪುಂಜ ಮೂರು ಬಾರಿ ಕಣ್ಣಿಗೆ ಬೀಳುತ್ತದೆ. ದಿನವಿಡೀ ಬರೆದು ದಣಿದ ಲಿಪಿಕಾರನ ಕಣ್ಣು ಎರಡನೆಯದರಿಂದ ಮೂರನೆಯದರ ಆಚೆಗೆ ಜಾರಿದೆ, ಅಷ್ಟೇ. ನಮ್ಮ ಹಳಗನ್ನಡ ಕಾವ್ಯಗಳ ಓಲೆಪ್ರತಿಗಳಲ್ಲಿ ಇಂಥ ನೇತ್ರದೋಷಗಳು ಬೇಕಾದಷ್ಟು ಸಿಗುತ್ತವೆ. ಗುಟ್ಟಿನ ನಕಲುಗಳ ಸರಪಳಿಯ ಯಾವುದೋ ಕೊಂಡಿಯಲ್ಲಿ ಆದ ಒಂದು ಕ್ಷಣದ ಜಾರುವಿಕೆ ಒಂದು ಸಮಾಜವನ್ನೇ ಎರಡಾಗಿಸುವ ಮಟ್ಟಕ್ಕೆ ಬೆಳೆಯಿತು. ಓಲೆಗಳು ಮುಕ್ತವಾಗಿದ್ದಿದ್ದರೆ, ಗಜಪತಿಯವರು ಹಗಲು ಬೆಳಕಿನಲ್ಲಿ ಬರೆದು ಮೂಲದೊಡನೆ ಎರಡು ಬಾರಿ ತಾಳೆ ನೋಡಲು ಸಾಧ್ಯವಿದ್ದಿದ್ದರೆ, ಆ ಪದ ಬಹುಶಃ ಬೀಳುತ್ತಲೇ ಇರಲಿಲ್ಲ.

ಇನ್ನೊಂದು ಸಂಗತಿಯೂ ಆ ಪರಿಶೀಲನೆಯಲ್ಲಿ ಹೊರಬಿತ್ತು. ಶತಮಾನಗಳಿಂದ ಮಹಾಧವಲವೆಂದು ಪೂಜೆಗೊಳ್ಳುತ್ತಿದ್ದ ಕಟ್ಟನ್ನು ಬಿಚ್ಚಿ ಓದಿದಾಗ ಅದರ ಆರಂಭದ ಓಲೆಗಳಲ್ಲಿದ್ದದ್ದು ಮಹಾಬಂಧವೇ ಅಲ್ಲ, ಸತ್ಕರ್ಮಪಂಜಿಕೆ ಎಂಬ ಬೇರೊಂದು ಟೀಕೆ! ಮಹಾಬಂಧ ಅದರ ಮುಂದೆ ಇತ್ತು. ಆರಂಭದ ಪುಟಗಳನ್ನಷ್ಟೇ ಇಣುಕಿದವರಿಗೆ ಮಹಾಬಂಧವೇ ನಷ್ಟವಾಗಿರಬಹುದೆಂಬ ಸಂದೇಹ ಬಂದದ್ದೂ ಸಹಜವೇ. ಮಹಾಬಂಧದ ಮೊದಲ ಭಾಗ 1947ರಲ್ಲಿ ಸುಮೇರುಚಂದ್ರ ದಿವಾಕರರ ಸಂಪಾದಕತ್ವದಲ್ಲಿ ಹೊರಬಂದಿತು. ಧವಲದ ಹದಿನಾರು ಸಂಪುಟಗಳು ಮುಗಿದದ್ದು 1958ರಲ್ಲಿ. ಇದರಲ್ಲಿ ಹೀರಾಲಾಲರ ಜೊತೆ ದುಡಿದವರಲ್ಲಿ ಬೆಳಗಾವಿ ಜಿಲ್ಲೆಯ ಸದಲಗದ ಆ. ನೇ. ಉಪಾಧ್ಯೆಯವರೂ ಒಬ್ಬರು.

ಭಂಡಾರಗಳ ಬಾಗಿಲು ಮುಚ್ಚಿದ್ದವರನ್ನು ಸಂಕುಚಿತ ಮನಸ್ಸಿನವರೆಂದು ಜರಿದುಬಿಡುವುದು ಸುಲಭ. ವಿಶ್ವವಿದ್ಯಾನಿಲಯಗಳ ವಿಚಾರಸಂಕಿರಣಗಳಲ್ಲಿ ಹಾಗೆ ಜರಿಯುವವರನ್ನು ಸಾಕಷ್ಟು ಕಂಡಿದ್ದೇನೆ. ಆದರೆ ಅವರ ಭಯಕ್ಕೆ ಕಾರಣಗಳಿದ್ದವು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕರ್ನಲ್ ಮೆಕೆಂಜಿ ಮೈಸೂರು ಸೀಮೆಯಲ್ಲಿ ಹಸ್ತಪ್ರತಿಗಳನ್ನು ಸಂಗ್ರಹಿಸುತ್ತಿದ್ದಾಗ ಅವನ ನೆರವಿಗೆ ನಿಂತವರಲ್ಲಿ ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಒಬ್ಬ. ಆ ಸಂಗ್ರಹದಲ್ಲಿ ಒಂದು ಪಾಲು ಮದರಾಸಿನಲ್ಲಿ ಉಳಿಯಿತು, ಒಂದು ಪಾಲು ಸಮುದ್ರ ದಾಟಿ ಲಂಡನ್ನು ಸೇರಿತು. ಉಳಿಯಿತಲ್ಲ ಎಂದು ಸಂತೋಷಪಡೋಣ. ಆದರೆ ಓಲೆ ಕೊಟ್ಟ ಹಳ್ಳಿಯ ಉಪಾಧ್ಯಾಯನ ಮೊಮ್ಮಗನಿಗೆ ಅದನ್ನು ಓದಲು ಲಂಡನ್ನಿಗೆ ಹೋಗುವ ದಾರಿ ಎಲ್ಲಿತ್ತು? ಎರವಲು ಹೋದ ಓಲೆ ಹಿಂದಿರುಗುವುದಿಲ್ಲವೆಂಬುದು ಮಠಗಳು ಅನುಭವದಿಂದ ಕಲಿತ ಪಾಠ. ಈ ನಂಬಿಕೆಯ ಕೊರತೆಯನ್ನು ಆಧುನಿಕ ವಿದ್ವತ್ತು ಇನ್ನೂ ಪೂರ್ತಿಯಾಗಿ ತುಂಬಿಕೊಟ್ಟಿಲ್ಲವೆಂದೇ ನನ್ನ ಅಭಿಪ್ರಾಯ.

ಅದನ್ನು ತುಂಬಿಕೊಡಲು ಬಾಳನ್ನೇ ಸವೆಸಿದವರು ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು. ದಕ್ಷಿಣ ಕನ್ನಡದವರಾದ ಅವರು ಬಿಹಾರದ ಆರಾದಲ್ಲಿರುವ ಜೈನ ಸಿದ್ಧಾಂತ ಭವನದ ಗ್ರಂಥಪಾಲರಾಗಿ ಬಹುಕಾಲ ದುಡಿದರು. ಆ ಭವನವೂ ಒಂದು ವಿಶಿಷ್ಟ ಸಂಶೋಧನ ಗ್ರಂಥಾಲಯ. ಗಂಗೆಯ ಬಯಲಿನ ಆ ಊರಿನಲ್ಲಿ ಕನ್ನಡ ಲಿಪಿಯ ಓಲೆಗಳಿವೆ, ‘ಜೈನ ಸಿದ್ಧಾಂತ ಭಾಸ್ಕರ’ದಂಥ ಪತ್ರಿಕೆ ಹೊರಬಂದದ್ದು ಅಲ್ಲಿಂದ. ಅಲ್ಲಿ ಗ್ರಂಥಾಲಯ ಎಂದರೇನೆಂದು ಕಲಿತ ಶಾಸ್ತ್ರಿಗಳು ತಾಯ್ನೆಲದ ಭಂಡಾರಗಳತ್ತ ತಿರುಗಿ, ಮೂಡಬಿದಿರೆಯ ಮಠ ಮತ್ತು ಬಸದಿಗಳ, ಕಾರ್ಕಳದ ಮಠದ, ಅಳಿಯೂರಿನ ಭಂಡಾರದ ಓಲೆಗಳನ್ನು ಒಂದೊಂದಾಗಿ ಬಿಚ್ಚಿ ಪಟ್ಟಿಮಾಡಿದರು. ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ ಎಂಬ ಹೆಸರಿನಲ್ಲಿ ಅದು 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಹೊರಬಂದಿತು. ಮೂರು ಸಾವಿರಕ್ಕೂ ಮಿಕ್ಕ ಪ್ರತಿಗಳ ವಿವರ ಅದರಲ್ಲಿದೆ: ಗ್ರಂಥದ ಹೆಸರು, ಕರ್ತೃ, ಭಾಷೆ, ವಿಷಯ, ಓಲೆಯ ಸಂಖ್ಯೆ, ಪೂರ್ಣವೋ ಅಪೂರ್ಣವೋ ಎಂಬ ಮಾಹಿತಿ. ಕನ್ನಡ ನಾಡಿನ ಓಲೆಗಳ ಸೂಚಿಯನ್ನು ಕನ್ನಡಿಗರೊಬ್ಬರು ಸಿದ್ಧಪಡಿಸಿ, ಅದು ಹಿಂದಿಯಲ್ಲಿ, ನಾಗರಿ ಲಿಪಿಯಲ್ಲಿ, ಕಾಶಿಯಲ್ಲಿ ಅಚ್ಚಾಯಿತು. ಅಚ್ಚು ಹಾಕಿಸಿದವರಿಗೆ ನಾವು ಋಣಿಗಳು. ನಮ್ಮ ವಿಶ್ವವಿದ್ಯಾನಿಲಯಗಳ ಕನ್ನಡ ವಿಭಾಗಗಳಲ್ಲಿ ಆ ಸೂಚಿಯನ್ನು ಕಣ್ಣಾರೆ ಕಂಡವರು ಎಷ್ಟು ಮಂದಿ ಎಂದು ಮಾತ್ರ ಕೇಳಬೇಡಿ.

ಆದರೆ ಸೂಚಿ ಎಂಬುದು ಮೊದಲ ಮೆಟ್ಟಿಲು. ಎಪ್ಪತ್ತೈದು ವರ್ಷ ಕಳೆದರೂ ನಾವು ಆ ಮೆಟ್ಟಿಲ ಮೇಲೇ ನಿಂತಿದ್ದೇವೆ. ಬೇಕಾಗಿರುವುದು ವರ್ಣನಾತ್ಮಕ ಸೂಚಿ. ಪ್ರತಿಯೊಂದು ಓಲೆಕಟ್ಟಿನ ಆದಿ, ಅಂತ್ಯ, ಪುಷ್ಪಿಕೆ, ಪ್ರಶಸ್ತಿಗಳನ್ನು ಪೂರ್ತಿ ಕೊಡುವಂಥದ್ದು. ಸಾಹಿತ್ಯದ ವಿದ್ಯಾರ್ಥಿಗಳು ಈ ಪುಷ್ಪಿಕೆಗಳನ್ನು ಹಗುರವಾಗಿ ಕಾಣಬಾರದು. ಧವಲದ ಓಲೆಯ ಕೊನೆಯ ಪ್ರಶಸ್ತಿಯಲ್ಲಿ ದೇಮಿಯಕ್ಕನೆಂಬ ಶ್ರಾವಕಿಯ ಹೆಸರಿದೆ. ಶ್ರುತಪಂಚಮಿಯ ನೋಂಪಿಯ ಉದ್ಯಾಪನೆಗೆಂದು ಆಕೆ ಆ ಪ್ರತಿಯನ್ನು ಬರೆಯಿಸಿ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳು. ಶುಭಚಂದ್ರರು ಸಮಾಧಿಮರಣ ಹೊಂದಿದ್ದು 1123ರಲ್ಲಿ ಎಂದು ಶ್ರವಣಬೆಳಗೊಳದ ಶಾಸನ ಹೇಳುವುದರಿಂದ ಓಲೆಯ ಕಾಲವೂ ನಮಗೆ ತಿಳಿಯುತ್ತದೆ. ಮಹಾಬಂಧದ ಪ್ರತಿಯನ್ನು ಬರೆಯಿಸಿದವಳು ಮಲ್ಲಿಕಬ್ಬೆ. ಆಕೆ ಅದನ್ನು ಮಾಘನಂದಿಗಳಿಗೆ ಕೊಟ್ಟಳು. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿದ ಅತ್ತಿಮಬ್ಬೆಯನ್ನು ನಾವು ಹಾಡಿ ಹೊಗಳುತ್ತೇವೆ, ಸರಿಯೇ. ಆಕೆಯ ನಂತರದ ಈ ಹೆಣ್ಣುಮಕ್ಕಳ ಸಾಲು ಮಾತ್ರ ಓಲೆಗಳ ಕೊನೆಯ ಸಾಲುಗಳಲ್ಲಿ ಉಳಿದಿದೆ. ಮನುಷ್ಯಿಣಿಗೆ ‘ಸಂಜದ’ ಸಲ್ಲುವುದೇ ಎಂದು ಪಂಡಿತರು ವಾದಿಸುತ್ತಿದ್ದ ವರ್ಷಗಳಲ್ಲಿ, ಆ ಪದವನ್ನು ಕಾಪಾಡಿಕೊಂಡಿದ್ದ ಓಲೆಗಳ ಹಿಂದೆ ಇದ್ದದ್ದು ಹೆಂಗಸರ ಶಾಸ್ತ್ರದಾನ ಎಂಬುದನ್ನು ಯಾರಾದರೂ ಆಗ ನೆನೆದರೇ?

ಭಂಡಾರದ ಓದು ನಮ್ಮ ಸಾಹಿತ್ಯಚರಿತ್ರೆಯನ್ನೇ ತಿದ್ದಿದ ಇನ್ನೊಂದು ನಿದರ್ಶನವನ್ನು ಹೇಳದೆ ಮುಂದುವರಿಯಲಾರೆ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯ ‘ಗೊಮ್ಮಟಸಾರ’ಕ್ಕೆ ‘ಜೀವತತ್ತ್ವಪ್ರದೀಪಿಕೆ’ ಎಂಬ ಸಂಸ್ಕೃತ ಟೀಕೆಯಿದೆ. ಅದು ಕೇಶವವರ್ಣಿಯದೆಂದು ಬಹುಕಾಲ ನಂಬಿಕೆಯಿತ್ತು. ಉಪಾಧ್ಯೆಯವರು ಕೊಲ್ಹಾಪುರದ ಮಠದ ಕನ್ನಡ ಪ್ರತಿಯನ್ನು ಹಿಡಿದು ಕುಳಿತಾಗ ವಿಷಯ ತಲೆಕೆಳಗಾಯಿತು. ಕೇಶವಣ್ಣ ಬರೆದದ್ದು ಕನ್ನಡದಲ್ಲಿ, ಶಕ 1281ರಲ್ಲಿ, ಅಂದರೆ 1359ರಲ್ಲಿ. ಸಂಸ್ಕೃತ ಟೀಕೆ ಅದನ್ನು ಅನುಸರಿಸಿ ಮುಂದೆ ಇನ್ನೊಬ್ಬ ನೇಮಿಚಂದ್ರ ಮಾಡಿದ್ದು. ಶಾಸ್ತ್ರವೆಲ್ಲ ಸಂಸ್ಕೃತದಿಂದ ಕನ್ನಡಕ್ಕೆ ಹರಿದುಬಂದಿತೆಂಬ ನಮ್ಮ ಪಠ್ಯಪುಸ್ತಕಗಳ ಸಲೀಸಾದ ನಂಬಿಕೆಗೆ ಇದಕ್ಕಿಂತ ಬಲವಾದ ಅಪವಾದ ಬೇಕೇ? ಕರ್ಮಸಿದ್ಧಾಂತದಂಥ ಜಟಿಲವಾದ ಗಣಿತಬದ್ಧ ವಿಷಯವನ್ನು ಹದಿನಾಲ್ಕನೆಯ ಶತಮಾನದ ಕನ್ನಡ ಗದ್ಯ ಹೊತ್ತು ನಿಂತಿತ್ತು, ಅಲ್ಲಿಂದ ಸಂಸ್ಕೃತ ಎರವಲು ಪಡೆಯಿತು. ಆ ಕನ್ನಡ ವೃತ್ತಿ ಕೊನೆಗೆ ಜ್ಞಾನಪೀಠದಿಂದ ನಾಲ್ಕು ಸಂಪುಟಗಳಲ್ಲಿ ಅಚ್ಚಾದಾಗ ಅದೂ ನಾಗರಿ ಲಿಪಿಯಲ್ಲಿಯೇ ಅಚ್ಚಾಯಿತು. ಕನ್ನಡ ಗದ್ಯದ ಇತಿಹಾಸ ಬರೆಯುವವರು ವಡ್ಡಾರಾಧನೆಯಿಂದ ನೇರವಾಗಿ ಎಲ್ಲೆಲ್ಲಿಗೋ ಹಾರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಇನ್ನು ನನ್ನ ಅನುಭವ. ಪಿಎಚ್.ಡಿ. ಕಾಲದಲ್ಲಿ ಒಂದು ಭಂಡಾರಕ್ಕೆ ಮೂರು ಬಾರಿ ಹೋದೆ. ಅದು ಮೂಡಬಿದಿರೆಯದಲ್ಲ, ಯಾವ ಊರೆಂದು ಹೇಳುವುದಿಲ್ಲ. ಮೊದಲ ಸಲ ಬೀಗದ ಕೈ ಇರಲಿಲ್ಲ. ಎರಡನೆಯ ಸಲ ಬೀಗದ ಕೈ ಇತ್ತು, ಅನುಮತಿ ಕೊಡುವವರಿರಲಿಲ್ಲ. ಮೂರನೆಯ ಸಲ ಎರಡೂ ಇದ್ದವು. ಸೂಚಿಯಲ್ಲಿದ್ದ ಸಂಖ್ಯೆಗೂ ಕಟ್ಟಿನ ಮೇಲಿದ್ದ ಸಂಖ್ಯೆಗೂ ಸಂಬಂಧವಿರಲಿಲ್ಲ. ಎರಡು ಹಗಲು ಹುಡುಕಿ ಬರಿಗೈಯಲ್ಲಿ ಬಂದೆ. ಈಚೆಗೆ ಅದೇ ಗ್ರಂಥದ ಒಂದು ಓಲೆಯ ಪಾಠಕ್ಕಾಗಿ ಮತ್ತೆ ವಿಚಾರಿಸಿದಾಗ, ಎಲ್ಲವನ್ನೂ ಸ್ಕ್ಯಾನ್ ಮಾಡಿಸಿದೆ, ಹಾರ್ಡ್ ಡಿಸ್ಕ್ ಕಪಾಟಿನಲ್ಲಿದೆ ಎಂದರು. ಕಪಾಟಿನ ಬೀಗದ ಕೈಯ ವಿಚಾರ ಕೇಳುವ ಧೈರ್ಯ ನನಗಾಗಲಿಲ್ಲ.

ಆದ್ದರಿಂದಲೇ ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ನೇರ ಉತ್ತರ ಕೊಡುವುದು ಕಷ್ಟ. 1940ರ ಸುಮಾರಿಗೆ ಒಳ್ಳೆಯ ಸ್ಕ್ಯಾನ್ ಪ್ರತಿ ಎಲ್ಲರ ಕೈಯಲ್ಲಿದ್ದಿದ್ದರೆ ‘ಸಂಜದ’ದ ಪ್ರಶ್ನೆ ಒಂದು ಮಧ್ಯಾಹ್ನದಲ್ಲಿ ಬಗೆಹರಿಯುತ್ತಿತ್ತು ಎಂಬುದನ್ನು ಒಪ್ಪುತ್ತೇನೆ. 2003ರಲ್ಲಿ ರಾಷ್ಟ್ರೀಯ ಪಾಂಡುಲಿಪಿ ಮಿಷನ್ ಆರಂಭವಾದಂದಿನಿಂದ ನಡೆದ ಕೆಲಸವನ್ನು ನಾನು ಕೀಳಾಗಿ ಕಾಣುವುದಿಲ್ಲ. ಮೂಡಬಿದಿರೆಯಲ್ಲಿ ಇಂದು ರಮಾರಾಣಿ ಜೈನ ಶೋಧ ಸಂಸ್ಥಾನದ ಆಶ್ರಯವೂ ಓಲೆಗಳಿಗಿದೆ. ಶ್ರವಣಬೆಳಗೊಳದ ಪ್ರಾಕೃತ ಸಂಸ್ಥಾನ ಧವಲವನ್ನು ಕನ್ನಡಕ್ಕೆ ತರುವ ಸಾಹಸ ಮಾಡಿದೆ. ಆದರೆ ಚಿತ್ರ ತೆಗೆಯುವುದೂ ಓದುವುದೂ ಒಂದೇ ಎಂದು ಭಾವಿಸುವ ಅಪಾಯ ಬೆಳೆಯುತ್ತಿದೆ. ಒಂದು ಚಿಕ್ಕ ಉದಾಹರಣೆ. ಪ್ರಾಕೃತವನ್ನು ಕನ್ನಡ ಲಿಪಿಯಲ್ಲಿ ಬರೆಯುತ್ತಿದ್ದ ಹಳೆಯ ಲಿಪಿಕಾರರು ಸಜಾತೀಯ ಒತ್ತಕ್ಷರವನ್ನು ಬರೆಯುವ ಬದಲು ಅಕ್ಷರದ ಹಿಂದೆ ಒಂದು ಸೊನ್ನೆಯನ್ನಿಟ್ಟು ದ್ವಿತ್ವವನ್ನು ಸೂಚಿಸುತ್ತಿದ್ದರು. ಓಲೆಯಲ್ಲಿ ‘ಸಂವ’ ಎಂದಿದ್ದರೆ ಅದನ್ನು ‘ಸವ್ವ’, ಅಂದರೆ ಸರ್ವ ಎಂದು ಓದಬೇಕು. ‘ಸಂವರ’ ಎಂದಿದ್ದರೆ ಆ ಸೊನ್ನೆ ನಿಜವಾದ ಅನುಸ್ವಾರ. ಇದರ ಜೊತೆಗೆ ಎಕಾರ ಏಕಾರಗಳ, ಒಕಾರ ಓಕಾರಗಳ ಭೇದವನ್ನು ಲಿಪಿ ತೋರಿಸುವುದಿಲ್ಲ; ಅಲ್ಪಪ್ರಾಣ ಮಹಾಪ್ರಾಣಗಳ ನಡುವಣ ಗೀಟು ಎಷ್ಟೋ ಕಡೆ ಕಾಣುವುದೇ ಇಲ್ಲ. ಯಾವ ಸೊನ್ನೆ ಯಾವುದೆಂದು ತ���ಳಿಯಲು ಲಿಪಿಯೂ ಪ್ರಾಕೃತವೂ ಕರ್ಮಸಿದ್ಧಾಂತವೂ ಒಬ್ಬನೇ ಓದುಗನಲ್ಲಿ ಕೂಡಿರಬೇಕು. ಲೋಕನಾಥ ಶಾಸ್ತ್ರಿಗಳಲ್ಲಿ ಕೂಡಿದ್ದವು, ಭುಜಬಲಿ ಶಾಸ್ತ್ರಿಗಳಲ್ಲಿ ಕೂಡಿದ್ದವು. ನಮ್ಮ ಸ್ನಾತಕೋತ್ತರ ಪಠ್ಯದಲ್ಲಿ ಗ್ರಂಥಸಂಪಾದನೆ ಒಂದು ಪತ್ರಿಕೆಯಾಗಿ ಉಳಿದಿರುವ ಕಡೆಗಳಲ್ಲಿಯೂ ಅದು ವ್ಯಾಖ್ಯೆಗಳ ಕಂಠಪಾಠವಾಗಿದೆ. ಒಂದೇ ಒಂದು ಓಲೆಯನ್ನು ಮುಟ್ಟದೆ ವಿದ್ಯಾರ್ಥಿಗಳು ತೇರ್ಗಡೆಯಾಗುತ್ತಾರೆ. ಈ ಅಪರಾಧದಲ್ಲಿ ನನ್ನ ಪಾಲೂ ಇದೆ.

ಮತ್ತೆ, ಓಲೆಯ ವಸ್ತುರೂಪವೇ ಹೇಳುವ ಸಂಗತಿಗಳಿವೆ. ದಾರದ ರಂಧ್ರ ಎಲ್ಲಿದೆ, ಎರಡು ಕಟ್ಟುಗಳ ಓಲೆ ಯಾವಾಗ ಬೆರೆತವು, ಯಾವ ಅಂಚು ಮೊದಲು ಮುರಿಯಿತು, ತಿದ್ದುಪಡಿ ಮೂಲ ಲಿಪಿಕಾರನದೋ ನಂತರದ ಓದುಗನದೋ ಎಂಬುದು ಓಲೆಯನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ ತಿಳಿಯುತ್ತದೆ. ಪಂಜಿಕೆ ಮಹಾಬಂಧಗಳು ಒಂದೇ ಕಟ್ಟಿನಲ್ಲಿ ಹೇಗೆ ಕೂಡಿಕೊಂಡವೆಂಬ ಪ್ರಶ್ನೆಗೆ ಉತ್ತರವಿದ್ದರೆ ಅದು ಅಲ್ಲಿಯೇ ಇರಬೇಕು.

ಮೈಸೂರಿನ ಪ್ರಾಚ್ಯ ಗ್ರಂಥಾಲಯ 1891ರಲ್ಲಿ ಸ್ಥಾಪನೆಯಾಯಿತು, 1905ರಲ್ಲಿ ಅಲ್ಲಿನ ಗ್ರಂಥಪಾಲ ಶಾಮಶಾಸ್ತ್ರಿಗಳು ಕೈಗೆ ಬಂದ ಓಲೆಗಳನ್ನು ಓದಿ ‘ಅರ್ಥಶಾಸ್ತ್ರ’ವನ್ನು ಗುರುತಿಸಿದರು, 1909ರಲ್ಲಿ ಅದು ಅಚ್ಚಾಯಿತು. ನಾಲ್ಕೇ ವರ್ಷ. ಅದೇ ವರ್ಷಗಳಲ್ಲಿ ಮೂಡಬಿದಿರೆಯಲ್ಲಿ ಗಜಪತಿ ದಂಪತಿಗಳು ದೀಪದ ಬೆಳಕಿನಲ್ಲಿ ಬರೆಯುತ್ತಿದ್ದಿರಬೇಕು. ಎರಡೂ ಕಡೆ ಓಲೆಗಳಿದ್ದವು, ಎರಡೂ ಕಡೆ ವಿದ್ವಾಂಸರಿದ್ದರು. ಮೈಸೂರಿನಲ್ಲಿ ಸಂಬಳ ಪಡೆಯುವ ಓದುಗನೊಬ್ಬನಿದ್ದ, ಓದಿದ್ದನ್ನು ಹೇಳುವ ಕರ್ತವ್ಯವೂ ಅವನಿಗಿತ್ತು. ಇಂದು ನಮ್ಮ ಹಸ್ತಪ್ರತಿ ಭಂಡಾರಗಳಿಗೆ, ಮಠದವಾಗಲಿ ಸರ್ಕಾರದವಾಗಲಿ, ನಾನು ಕೇಳುವುದು ಇದನ್ನೇ: ಹೊಸ ಕಟ್ಟಡ, ಹೊಸ ಯಂತ್ರಗಳಿಗಿಂತ ಮೊದಲು, ಪ್ರತಿಯೊಂದರಲ್ಲಿಯೂ ಹಳೆಯ ಲಿಪಿ ಓದಬಲ್ಲ ಒಬ್ಬಿಬ್ಬರು ಯುವಕ ಯುವತಿಯರಿಗೆ ಖಾಯಂ ಹುದ್ದೆ, ವರ್ಷಕ್ಕೆ ನೂರು ಓಲೆಕಟ್ಟುಗಳ ಪುಷ್ಪಿಕೆಗಳನ್ನಾದರೂ ಕನ್ನಡದಲ್ಲಿ ಪ್ರಕಟಿಸುವ ಕರಾರು, ಬಂದ ಸಂಶೋಧಕನಿಗೆ ಇಂಥ ದಿನ ಓಲೆ ಸಿಗುತ್ತದೆಂದು ಬರೆದುಕೊಡುವ ಒಂದು ಚೀಟಿ. ಅದಕ್ಕೆ ಪ್ರತಿಯಾಗಿ ವಿಶ್ವವಿದ್ಯಾನಿಲಯಗಳವರಾದ ನಾವು ಕೊಡಬೇಕಾದದ್ದೂ ಇದೆ. ಕೊಂಡುಹೋದ ಪಾಠವನ್ನು ಹಿಂದಕ್ಕೆ ತಂದು ಒಪ್ಪಿಸುವುದು, ಭಂಡಾರದ ಹೆಸರನ್ನು ಮರೆಯದೆ ಹೇಳುವುದು, ಕಟ್ಟನ್ನು ಬಿಚ್ಚಿದಂತೆಯೇ ಮತ್ತೆ ಕಟ್ಟುವುದು.

ಜ್ಯೇಷ್ಠ ಶುದ್ಧ ಪಂಚಮಿಯಂದು, ಷಟ್ಖಂಡಾಗಮ ಪೂರ್ಣವಾದ ದಿನವೆಂದು, ಶ್ರುತಪಂಚಮಿಯನ್ನು ಆಚರಿಸುತ್ತೇವೆ. ಆ ದಿನ ಓಲೆಗಳನ್ನು ಹೊರತೆಗೆದು, ಧೂಳು ಜಾಡಿಸಿ, ಹೊಸ ವಸ್ತ್ರದಲ್ಲಿ ಕಟ್ಟಿಡುವುದು ಹಿಂದಿನ ಪದ್ಧತಿ. ಮಳೆಗಾಲ ಹಿಡಿಯುವ ಹೊಸ್ತಿಲಲ್ಲಿ ವರ್ಷಕ್ಕೊಮ್ಮೆಯಾದರೂ ಪ್ರತಿ ಕಟ್ಟೂ ಮನುಷ್ಯನ ಕೈಗೆ ಬರಲಿ ಎಂಬ ಗ್ರಂಥಾಲಯದ ವಿವೇಕ ಆ ಆಚರಣೆಯೊಳಗಿದೆ. ಈ ಸಲದ ಶ್ರುತಪಂಚಮಿಗೆ ನಮ್ಮ ಊರಿನ ಬಸದಿಯಲ್ಲಿರುವ ಏಳು ಓಲೆಕಟ್ಟುಗಳನ್ನು ಬಿಚ್ಚುವಾಗ ಆ ವಿದ್ಯಾರ್ಥಿನಿಯನ್ನೂ ಅವಳ ಮೂವರು ಗೆಳತಿಯರನ್ನೂ ಕರೆದೊಯ್ದಿದ್ದೆ. ಒಂದು ನೋಂಪಿಯ ಕಥೆಯ ಓಲೆ ಅವಳ ಪಾಲಿಗೆ ಬಂತು. ಮೊದಲ ಸಾಲನ್ನು ಓದಲು ಅವಳಿಗೆ ಮುಕ್ಕಾಲು ಗಂಟೆ ಹಿಡಿಯಿತು, ಎರಡು ಕಡೆ ತಪ್ಪಿದಳು. ಕೊನೆಯ ಓಲೆಯಲ್ಲಿ ಬರೆಯಿಸಿದವಳ ಹೆಸರಿನ ಮೊದಲ ಎರಡು ಅಕ್ಷರಗಳಷ್ಟೇ ಉಳಿದಿವೆ, ಉಳಿದದ್ದು ಹುಳು ತಿಂದಿದೆ. ಅದೇ ಕಥೆಯ ಇನ್ನೊಂದು ಪ್ರತಿಯೇನಾದರೂ ಇದೆಯೇ ಎಂದು ನೋಡಲು ಭುಜಬಲಿ ಶಾಸ್ತ್ರಿಗಳ ಸೂಚಿಯನ್ನು ಅವಳು ಈಗ ನನ್ನಿಂದ ಒಯ್ದಿದ್ದಾಳೆ. ನಾಗರಿಯಲ್ಲಿದೆಯಲ್ಲ ಎಂದು ಗೊಣಗುತ್ತಲೇ.